ಉಗುಳು ನುಂಗದ ಪಥ್ಯ

“ನಾಲಗಿ ಹೊರಗ ಹಾಕ್ರಿ ಸಾಹೇಬ್ರ. ಇನ್ನೊಂದೀಟು ಉದ್ದ.”

ಮಸ್ಕಿ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಕರಿಬಸಯ್ಯ ತನ್ನ ನೌಕರಿಯಲ್ಲಿ ಎಷ್ಟೋ ಜನರ ಬಾಯಿ ಬಿಡಿಸಿದವನು. ತಾನೇ ಬಾಯಿ ತೆರೆದುಕೊಂಡು ಕೂಡುವ ಪಾಳಿ ಬಂದದ್ದು ಇದೇ ಮೊದಲು. ಸಿಂಧನೂರಿನ ಆ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್ ರಹಿಮಾನ್ ಅವನ ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದರೆ, ಅರೆತೆರೆದ ಬಾಗಿಲಲ್ಲಿ ಪಾಳಿ ಹಚ್ಚಿದ್ದ ರೋಗಿಗಳು ತಮ್ಮ ಬೇನೆ ಮರೆತು ಪೊಲೀಸನ ನಾಲಗೆ ನೋಡುತ್ತಿದ್ದರು. ಪುಕ್ಕಟೆ ತಮಾಷೆ ದಿನಾ ಸಿಗುವುದಿಲ್ಲವಲ್ಲ.

ಕರಿಬಸಯ್ಯನಿಗೆ ಉರಿದುಹೋಯಿತು. ಅವನು ಕೇಳಲು ಬಂದದ್ದು ಸತ್ತವನ ಹೊಟ್ಟೆಯ ವಿಷಯ. ಈ ಡಾಕ್ಟರು ಬದುಕಿರುವವನ ನಾಲಗೆ ಹಿಡಿದುಕೊಂಡು ಕೂತಿದ್ದರು.

ಜನವರಿಯಲ್ಲಿ ಮಸ್ಕಿಯ ಹಿಟ್ಟಿನ ಗಿರಣಿ ಮೈಲಾರಲಿಂಗಪ್ಪ ರಕ್ತ ಕಾರಿ ಸತ್ತಿದ್ದ. ವಿಷ ಹಾಕಿದ್ದಾಳೆಂದು ಅವನ ಎರಡನೆಯ ಹೆಂಡತಿ ಗಿರಿಯಮ್ಮ ಅಂದಿನಿಂದ ಜೈಲಿನಲ್ಲಿದ್ದಳು. ಈಗ ಏಪ್ರಿಲ್‌ನಲ್ಲಿ ಬಂದ ಪ್ರಯೋಗಾಲಯದ ವರದಿ, ಹೊಟ್ಟೆಯಲ್ಲಿ ಯಾವ ವಿಷವೂ ಇಲ್ಲ ಎಂದು ಹೇಳಿ ಎಲ್ಲರನ್ನೂ ಫಜೀತಿಗೆ ಹಾಕಿತ್ತು.

ಸರ್ಕಲ್ ಇನ್‌ಸ್ಪೆಕ್ಟರಿಗೆ ಮಾತ್ರ ಫಜೀತಿ ಆಗಿರಲಿಲ್ಲ. ಪ್ರಯೋಗಾಲಯಕ್ಕೆ ಸಿಗದ ವಿಷಗಳೂ ಇರುತ್ತವೆ, ಹಳ್ಳಿ ಹೆಂಗಸರಿಗೆ ಅಂಥವು ಗೊತ್ತಿರುತ್ತವೆ, ವಾರದೊಳಗೆ ಚಾರ್ಜ್‌ಶೀಟ್ ಹಾಕು ಎಂದು ಫೋನಿನಲ್ಲಿ ಹೇಳಿ ಕುಕ್ಕಿದ್ದರು. ಇವತ್ತು ಮಧ್ಯಾಹ್ನ ಲಿಂಗಸುಗೂರಿನ ಕೋರ್ಟಿನಲ್ಲಿ ಗಿರಿಯಮ್ಮನ ತಾರೀಖು ಇತ್ತು. ವಿಷವಿಲ್ಲದೆ ಗಂಡ ಹೇಗೆ ಸತ್ತ ಎಂದು ಸರ್ಕಾರಿ ವಕೀಲರಿಗೆ ತಿಳಿಸಿ ಹೇಳಿದರೆ ಅವಳು ಸಂಜೆಗೆ ಮನೆ ಸೇರುತ್ತಾಳೆ. ಹೇಳಲು ಬರದಿದ್ದರೆ ಕೊಲೆಯ ಮೊಕದ್ದಮೆ, ಬಹುಶಃ ಜೀವನಪೂರ್ತಿ ಜೈಲು. ಕರಿಬಸಯ್ಯನ ಎದೆಯ ಮೇಲೆ ಕೂತಿದ್ದ ಕಲ್ಲು ಅದು.

ಅವನನ್ನು ಇಲ್ಲಿಗೆ ಅಟ್ಟಿದವಳು ಗಿರಿಯಮ್ಮನ ಮಗಳು ಮುದುಕಮ್ಮ. ಅಜ್ಜಿಯ ಹೆಸರು ಹೊತ್ತ ಇಪ್ಪತ್ತರ ಹುಡುಗಿ. ಇದೇ ಆಸ್ಪತ್ರೆಯಲ್ಲಿ ನರ್ಸು. ನಮ್ಮವ್ವ ಇರುವಿಗೂ ಕಾಟ ಕೊಟ್ಟವಳಲ್ಲ, ನಮ್ಮ ಡಾಕ್ಟರಿಗೆ ಹೊಟ್ಟೆಯ ವಿಷಯ ಚೆನ್ನಾಗಿ ಗೊತ್ತು, ಒಂದು ಸಲ ಕೇಳಿ ನೋಡ್ರಿ ಎಂದು ಮೂರು ತಿಂಗಳಿಂದ ಠಾಣೆಯ ಮೆಟ್ಟಿಲು ಸವೆಸಿದ್ದಳು. ಇವತ್ತು ಬೆಳಗಿನ ಬಸ್ಸಿಗೇ ತಾಯಿಗೆ ಬುತ್ತಿ ಕಟ್ಟಿಕೊಂಡು ಲಿಂಗಸುಗೂರಿಗೆ ಹೋಗಿದ್ದಳು.

ಡಾಕ್ಟರು ಬ್ಯಾಟರಿ ಆರಿಸಿ ಕೈ ತೊಳೆದು ಬಂದು ಕೂತರು. ಮೇಜಿನ ಮೇಲೆ ಮೈಲಾರಲಿಂಗಪ್ಪನ ಪೋಸ್ಟ್‌ಮಾರ್ಟಂ ಕಾಗದ ಬಿದ್ದಿತ್ತು. ಜಠರದ ಒಳಮೈ ತುಂಬ ಹಸಿ ಹುಣ್ಣು, ಒಂದು ಕಡೆ ರಕ್ತನಾಳವೇ ತೆರೆದುಕೊಂಡಿದೆ ಎಂದು ಅದರಲ್ಲಿತ್ತು.

“ಸಾಹೇಬ್ರ, ಹೊಟ್ಯಾಗಿನ ಆಸಿಡ್ ಕುರಿ ಮಾಂಸ ಕರಗಸತೈತಿ. ಹೊಟ್ಟೀನೂ ಮಾಂಸನ ಅಲ್ಲೇನು? ಅದ್ಯಾಕ ಕರಗಂಗಿಲ್ಲ?”

ಮಾಂಸ ಮುಟ್ಟದ ಅಯ್ಯನೋರ ಮನೆಯವನಾದ ತನ್ನನ್ನು ಕುರಿ ಮಾಂಸದ ವಿಷಯ ಕೇಳುವುದೇ ಎಂದು ಕರಿಬಸಯ್ಯ ಒಳಗೊಳಗೇ ಗೊಣಗಿ, ದೇವರ ದಯೆ ಇರಬೇಕು ಎಂದ. ಬೆಳಗಿನಿಂದ ಅವನ ಹೊಟ್ಟೆಯೂ ಉರಿಯುತ್ತಲೇ ಇತ್ತು. ಜೀಪಿನಲ್ಲಿ ಕುಣಿದು ಕುಣಿದು ಸೊಂಟ ಹಿಡಿದು, ನೋವಿನ ಗುಳಿಗೆಯನ್ನು ಶೇಂಗಾ ಕಾಳಿನ ಹಾಗೆ ಬಾಯಿಗೆ ಹಾಕಿಕೊಳ್ಳುವ ಚಟ ಬೆಳೆದಿತ್ತು.

ಡಾಕ್ಟರು ನಕ್ಕು, ದಯೆಗೂ ಒಂದು ದಾರಿ ಬೇಕು ಎಂದು ಹೇಳಿ ಆ ದಾರಿಯನ್ನು ವಿವರಿಸಿದರು. ಜಠರದ ಒಳಗೋಡೆಗೆ ಲೋಳೆಯ ಹೊದಿಕೆ ಇರುತ್ತದೆ. ಅದರ ಅಡಿಯಲ್ಲಿ ರಕ್ತ ಸದಾ ಹರಿಯುತ್ತಿರಬೇಕು. ರಕ್ತ ಹರಿಯುವವರೆಗೆ ಲೋಳೆ ಹುಟ್ಟುತ್ತದೆ, ಲೋಳೆ ಇರುವವರೆಗೆ ಆಸಿಡ್ ಗೋಡೆಯನ್ನು ಮುಟ್ಟುವುದಿಲ್ಲ. ಈ ಹರಿವನ್ನು ಕಾಯುವವರು ಮುಖ್ಯವಾಗಿ ಇಬ್ಬರು. ಒಬ್ಬನನ್ನು ನೋವಿನ ಗುಳಿಗೆ ಕೆಡವುತ್ತದೆ. ಗುಳಿಗೆ ನುಂಗಿದವರಿಗೆ ಹೊಟ್ಟೆ ಉರಿಯುವುದು ಅದಕ್ಕೇ. ಆಗ ಉಳಿಯುವವನು ಇನ್ನೊಬ್ಬ. ಅವನ ಹೆಸರು ನೈಟ್ರಿಕ್ ಆಕ್ಸೈಡ್.

ಅದು ಅನಿಲ ಎಂದಾಗ ಕರಿಬಸಯ್ಯ ನಂಬಲಿಲ್ಲ. ಹೊಟ್ಟೆಯ ಗಾಳಿಯ ಬಗ್ಗೆ ಅವನಿಗೆ ಬೇರೆ ಅಭಿಪ್ರಾಯವಿತ್ತು.

ಹೊರದೇಶದವರು ಮೂರು ವರ್ಷದ ಹಿಂದೆ ಜನರ ತೇಗು ಹಿಡಿದು ಅಳೆದಿದ್ದಾರೆ, ತಪ್ಪಲ, ಅಂದರೆ ಸೊಪ್ಪು, ತಿಂದವರ ತೇಗಿನಲ್ಲಿ ಈ ಅನಿಲ ಬಹಳ ಹೆಚ್ಚು ಸಿಕ್ಕಿದೆ ಎಂದರು ಡಾಕ್ಟರು. ಹೊಟ್ಟೆಯ ಗೋಡೆ ತಾನೇ ಒಂದಿಷ್ಟು ತಯಾರಿಸುತ್ತದೆ. ಉಳಿದದ್ದು ಬಾಯಿಯಿಂದ ಹೋಗಬೇಕು. ಹಸಿ ತಪ್ಪಲದಲ್ಲಿ, ಮೂಲಂಗಿಯಲ್ಲಿ ನೈಟ್ರೇಟ್ ಎಂಬ ಉಪ್ಪು ಬಹಳ ಇರುತ್ತದೆ, ಬದನೆಯಂಥ ಕಾಯಿಗಳಲ್ಲಿ ಬಹಳ ಕಡಿಮೆ. ತಿಂದ ಮೇಲೆ ಅದು ರಕ್ತಕ್ಕೆ ಸೇರುತ್ತದೆ. ಜೊಲ್ಲಿನ ಗ್ರಂಥಿಗಳು ರಕ್ತದಿಂದ ಅದನ್ನು ಹೀರಿ ತಿರುಗಿ ಬಾಯಿಗೆ ತರುತ್ತವೆ. ನಾಲಗೆಯ ಬುಡದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಒಂದು ಸಂಸಾರವೇ ಇದೆ. ಅವು ಆ ಉಪ್ಪನ್ನು ಬದಲಿಸುತ್ತವೆ. ನಾವು ಉಗುಳು ನುಂಗುತ್ತೇವೆ. ಕೆಳಗೆ ಆಸಿಡ್ ತಾಗಿದ ಕೂಡಲೇ ಅನಿಲ ಏಳುತ್ತದೆ, ರಕ್ತನಾಳ ಅಗಲವಾಗುತ್ತವೆ, ಲೋಳೆ ದಪ್ಪವಾಗುತ್ತದೆ.

“ಅಂದ್ರ ನಾವು ನುಂಗೋ ಉಗುಳು…”

“ಔಷಧ ರೀ. ಖುದಾ ಪುಕ್ಕಟ ಕೊಟ್ಟಾನ. ನಾವು ಗೋಡೆಗೆ ಉಗುಳಾಕತ್ತೀವಿ.”

ಉಗುಳು ಎಂದ ಕೂಡಲೇ ಕರಿಬಸಯ್ಯನಿಗೆ ಒಂದು ಪೀಕದಾನಿ ನೆನಪಾಗಿತ್ತು.

ಪಂಚನಾಮೆಯ ದಿನ ಮೈಲಾರಲಿಂಗಪ್ಪನ ಹಾಸಿಗೆಯ ಪಕ್ಕದಲ್ಲಿ ಹಿತ್ತಾಳೆಯ ಪೀಕದಾನಿ ಇತ್ತು. ತುಂಬ ಉಗುಳು. ಬಿಳಿ ಉಗುಳು, ಎಲೆಯಡಿಕೆಯ ಕೆಂಪು ಇಲ್ಲ, ತಂಬಾಕಿನ ಕಂದು ಇಲ್ಲ. ಮೈಲಾರಲಿಂಗಪ್ಪ ಎಲೆ ಮುಟ್ಟಿದವನಲ್ಲ ಎಂದು ಊರಿಗೇ ಗೊತ್ತಿತ್ತು. ಆದರೂ ಸಾಯುವ ಮನುಷ್ಯನ ಉಗುಳಿನ ಬಣ್ಣ ಯಾರು ನೋಡುತ್ತಾರೆ? ಅದರ ಪಕ್ಕದಲ್ಲಿ ಗುಲಾಬಿ ಬಣ್ಣದ ನೀರಿನ ಬಾಟಲಿ ಇತ್ತು. ಇದೇ ವಿಷ ಎಂದು ಎಲ್ಲರೂ ಅದನ್ನು ಬಟ್ಟೆಯಲ್ಲಿ ಸುತ್ತಿ ಸೀಲು ಹಾಕಿ ಕಳಿಸಿದ್ದರು. ಅದು ಬಾಯಿ ಮುಕ್ಕಳಿಸುವ ಔಷಧ, ಅಂಗಡಿಯಲ್ಲಿ ಯಾರಿಗೂ ಸಿಗುತ್ತದೆ ಎಂದು ಪ್ರಯೋಗಾಲಯ ಬರೆದಿತ್ತು.

ಬಾಟಲಿಯ ಮಾತು ಕೇಳಿ ಡಾಕ್ಟರ್ ರಹಿಮಾನ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅದು ಬಾಯಿಯೊಳಗಿನ ಕ್ರಿಮಿ ಕೊಲ್ಲುವ ಔಷಧ, ಒಸಡಿಗೆ ಒಳ್ಳೆಯದು, ನಾಲಗೆಯ ಬುಡದ ಸಂಸಾರವನ್ನೂ ಬಿಡುವುದಿಲ್ಲ ಎಂದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. ಅವನು ನೋವಿನ ಗುಳಿಗೆ ತಿನ್ನುತ್ತಿದ್ದನೇ? ತಪ್ಪಲ ತಿನ್ನುತ್ತಿದ್ದನೇ?

ಮೊದಲನೆಯದಕ್ಕೆ ಉತ್ತರ ಗೊತ್ತಿತ್ತು. ಗಿರಣಿಯ ಕಟ್ಟೆಯಿಂದ ಬಿದ್ದು ಮೊಣಕಾಲು ಊದಿ, ಮೈಲಾರಲಿಂಗಪ್ಪ ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ಮಸ್ಕಿಯ ಡಾಕ್ಟರು ವಾರಕ್ಕೆಂದು ಕೊಟ್ಟ ಗುಳಿಗೆಯನ್ನು ಅವನೇ ಅಂಗಡಿಯಿಂದ ತರಿಸಿ ತರಿಸಿ ನುಂಗಿದ್ದ. ಎರಡನೆಯದಕ್ಕೆ ಉತ್ತರ ಮಸ್ಕಿಯಲ್ಲಿತ್ತು.

ಎದ್ದು ನಿಂತವನಿಗೆ ಡಾಕ್ಟರು ಒಂದು ಎಚ್ಚರಿಕೆ ಹೇಳಿದರು. ಇದೆಲ್ಲ ಹೊಸ ವಿದ್ಯೆ, ಇಲಿಗಳ ಮೇಲೆ ಮತ್ತು ಕೆಲವು ಜನರ ಮೇಲೆ ನೋಡಿದ್ದು. ಕಚ್ಚಿದ್ದು ನೋವಿನ ಗುಳಿಗೆಯೇ. ಅದನ್ನು ಪ್ರಮಾಣ ಮಾಡಿ ಹೇಳುತ್ತೇನೆ, ವಿಷ ಬೇಕಿಲ್ಲ ಎಂದು ಬರೆದೂ ಕೊಡುತ್ತೇನೆ. ಉಳಿದ ಕಾವಲು ತೆಗೆದದ್ದರಿಂದ ಎಷ್ಟು ಕೆಟ್ಟಿತು ಎಂದು ಯಾವ ಕೋರ್ಟಿನಲ್ಲೂ ತೂಕ ಮಾಡಿ ಹೇಳಲಾರೆ. ಹೀಗೆಂದು ಒಂದು ಕಾಗದ ಬರೆದುಕೊಟ್ಟು, ನೀವೂ ಆ ಗುಳಿಗೆ ಬಿಡಬೇಕು ಎಂದು ಅವನ ಜೇಬಿನ ಕಡೆ ನೋಡಿದರು. ಕರಿಬಸಯ್ಯ ಜೇಬು ಮುಚ್ಚಿಕೊಂಡು ಹೊರಗೆ ಬಂದ.

ಜೀಪು ಕಾಲುವೆಯ ಹಸಿರು ದಾಟಿ ಮಸ್ಕಿಯ ಬರಡು ನೆಲಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಗಿರಣಿಗೆ ಬೀಗ. ಗಿರಣಿಯ ಹಿಂದಿನ ಮನೆಗೂ ಬೀಗ. ನಡುಗೋಡೆಯ ಆಚೆ ಜಮೀಲಾಬೀ ಆಡಿಗೆ ನೀರಿಡುತ್ತಿದ್ದಳು. ಪೊಲೀಸನನ್ನು ಕಂಡು ಸೆರಗು ಸರಿಮಾಡಿ, ಜೀಪಿನ ಧೂಳು ಮನೆಯೊಳಗೆ ಬರುತ್ತದೆ, ಸ್ವಲ್ಪ ಆಚೆ ನಿಲ್ಲಿಸ್ರಿ ಎಂದಳು.

ಅವಳು ಸತ್ತವನ ಬಗ್ಗೆ ಒಳ್ಳೆಯದು ಹೇಳಲಿಲ್ಲ, ಹೇಳುವ ಜನ ಮಸ್ಕಿಯಲ್ಲಿ ಇರಲೂ ಇಲ್ಲ. ಗಿರಣಿಯ ಹರಿದ ಪಟ್ಟಾದಿಂದ ಹೆಂಡತಿಗೆ ಹೊಡೆಯುತ್ತಿದ್ದ. ಮೊದಲ ಹೆಂಡತಿಯ ಮಗ ಆದೆಪ್ಪನನ್ನು ಗಿರಾಕಿಗಳ ಮುಂದೆ ಕಪಾಳಕ್ಕೆ ಹೊಡೆದು ಮನೆಯಿಂದ ಹೊರಗೆ ಹಾಕಿದ್ದ. ಆ ಹುಡುಗ ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟಿದ್ದ. ಮಗಳ ನರ್ಸಿನ ಕೆಲಸ ಬಿಡಿಸಿ, ಹೆಂಡತಿ ಸತ್ತ ಯಾರಿಗೋ ಕೊಡುವ ಮಾತು ಆಡಿದ್ದ. ಮೊಣಕಾಲು ಊದಿ ಮಲಗಿದ ಮೇಲೆ ಮಾತ್ರ ಮೆತ್ತಗಾಗಿದ್ದ. ಮಕ್ಕಳಿಬ್ಬರೂ ಆಗ ಬಂದು ಹೋಗಿ ಮಾಡುತ್ತಿದ್ದರು.

ತಪ್ಪಲದ ಮಾತು ಕೇಳಿದಾಗ ಜಮೀಲಾಬೀ ಆಡಿನ ಬೆನ್ನು ತಟ್ಟಿದಳು.

“ಅದನ್ನ ಈಕಿ ತಿಂದಾಳ್ರಿ ಸಾಹೇಬ್ರ. ಪಾಮನಕಲ್ಲೂರಿಂದ ಗಿರಿಯಮ್ಮನ ಅಣ್ಣ ಹಕ್ಕರಕಿ ತಪ್ಪಲ ತರ್ತಿದ್ದ, ಹೊರಿ ಕಟ್ಟಿ. ಎಲ್ಲಾ ಈ ಗೋಡಿ ಮ್ಯಾಲಿಂದ ಈಚೆ ಬರ್ತಿತ್ತು. ಪಥ್ಯ ಅಂತ. ಮೆಂತೇದ ತಪ್ಪಲ ಇಲ್ಲ, ಮೂಲಂಗಿ ಇಲ್ಲ. ಬರೇ ಬದ್ನಿಕಾಯಿ. ದಿನಾ ಬದ್ನಿಕಾಯಿ ವಾಸ್ನಿ ಬರ್ತಿತ್ತು.”

ಕರಿಬಸಯ್ಯ ಇನ್ನೊಂದು ಸಲ ಕೇಳಿದ. ಪಥ್ಯದಲ್ಲಿ ಬದನೆಕಾಯಿಯೇ?

ಹೌದು, ಬದನೆಕಾಯಿಯೇ ಎಂದಳು ಜಮೀಲಾಬೀ. ತನಗೂ ಅದು ಆಗ ಚಮತ್ಕಾರ ಅನಿಸಿತ್ತು, ಆದರೆ ಗಂಡನ ಕಾಟ ತಿಂದ ಹೆಂಗಸು ಏನು ಮಾಡಿದರೂ ಕೇಳುವವರು ಯಾರು ಎಂದು ಸುಮ್ಮನಾಗಿದ್ದಳು.

ಈ ಕಡೆಯ ಕೂಸಿಗೂ ಗೊತ್ತಿರುವ ಮಾತು ಅದು. ಗಾಯ, ಊತ, ಮುರಿತ ಏನೇ ಆಗಲಿ, ಪಥ್ಯ ಎಂದರೆ ಮೊದಲು ಬಿಡಿಸುವುದು ಬದನೆಕಾಯಿ. ಅದು ನಂಜು. ಕೀವು ಮಾಡುತ್ತದೆ ಎಂದು ಜಾತ್ಯತೀತವಾಗಿ ಎಲ್ಲ ಮನೆಯ ಅಜ್ಜಿಯರೂ ಹೇಳುತ್ತಾರೆ. ಎಲುಬು ಕಟ್ಟುವವನಿಂದ ಹಿಡಿದು ಎಂ.ಬಿ.ಬಿ.ಎಸ್. ಮಾಡಿದವನವರೆಗೆ ಯಾರೂ ಊದಿದ ಕಾಲಿನವನಿಗೆ ಬದನೆಕಾಯಿ ತಿನ್ನು, ಹಕ್ಕರಕಿ ಬಿಡು ಎನ್ನುವುದಿಲ್ಲ. ಉಗುಳು ನುಂಗಬೇಡ ಎಂದು ಹೇಳುವ ವೈದ್ಯನಂತೂ ಮಸ್ಕಿ ಸೀಮೆಯಲ್ಲಿ ಹುಟ್ಟಿಲ್ಲ.

ಇದು ಪಥ್ಯವಲ್ಲ, ಪಥ್ಯದ ವೇಷ. ಆ ಡಾಕ್ಟರು ಹೇಳಿದ ವಿದ್ಯೆಯನ್ನು ತಲೆಕೆಳಗು ಮಾಡಿ ಯಾರೋ ಅಡಿಗೆಮನೆಗೆ ಕಳಿಸಿದ್ದರು. ವಿದ್ಯೆ ಕಲಿತಿದ್ದರು, ಬದನೆಕಾಯಿಯ ನಂಜು ಮಾತ್ರ ಮರೆತಿದ್ದರು. ಮನೆಯ ಅಜ್ಜಿಯ ಮಾತು ಕೇಳಿಸಿಕೊಳ್ಳದೆ ಬೆಳೆದ ತಲೆ ಅದು.

ಕರಿಬಸಯ್ಯನಿಗೆ ಹೊಟ್ಟೆಯುರಿಯ ಜೊತೆಗೆ ಮೈಯೂ ಉರಿಯಿತು. ಪೊಲೀಸ್ ನೌಕರಿಯಲ್ಲಿ ಕೊಡಲಿ ನೋಡಿದ್ದ, ಹಗ್ಗ ನೋಡಿದ್ದ, ಹತ್ತಿಗೆ ಹೊಡೆಯುವ ಎಣ್ಣೆ ಕುಡಿಸಿದವರನ್ನು ನೋಡಿದ್ದ. ಏನನ್ನೂ ಹಾಕದೆ, ಇದ್ದದ್ದನ್ನು ಒಂದೊಂದಾಗಿ ತೆಗೆದು ಕೊಂದವರನ್ನು ನೋಡಿರಲಿಲ್ಲ. ಅದೂ ಕೈ ತನ್ನದಲ್ಲ. ಸತ್ತವನ ಹೆಂಡತಿಯ ಕೈ. ಇದಕ್ಕೆ ಯಾವ ಕಲಮು ಹಚ್ಚುವುದು? ಉಗುಳು ನುಂಗದಂತೆ ತಡೆದ ಅಪರಾಧ ಎಂದು ಬರೆದರೆ ಜಡ್ಜು ಚಾರ್ಜ್‌ಶೀಟು ಮುಖಕ್ಕೆ ಎಸೆಯುತ್ತಾರೆ.

ಆದರೂ ಒಂದು ಹೆಸರು ಬೇಕಿತ್ತು. ಆ ಹೆಸರು ಆದೆಪ್ಪನದೇ ಆಗಲಿ ಎಂದು ಅವನ ಮನಸ್ಸು ಆಗಲೇ ಹಾರೈಸತೊಡಗಿತ್ತು. ಫಿರ್ಯಾದಿ ಕೊಟ್ಟವನು ಅವನು. ‘ನಮ್ಮಪ್ಪನ ಎರಡನೆಯ ಹೆಂಡತಿ’ ಎಂದು ಬರೆಸಿದವನು ಅವನು, ಮೂರು ವರ್ಷದವನಿದ್ದಾಗಿಂದ ಅವಳ ಕೈತುತ್ತು ತಿಂದವನು. ಗೊಬ್ಬರದ ಅಂಗಡಿಯವನಿಗೆ ನೈಟ್ರೇಟ್ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಮೇಲಾಗಿ ಆ ಹುಡುಗನ ಮೋರೆ ಕರಿಬಸಯ್ಯನಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಪತ್ತೆ ಮಾಡುವವನಿಗೆ ಇದಕ್ಕಿಂತ ಕೆಟ್ಟ ಚಟ ಇನ್ನೊಂದಿಲ್ಲ, ನೋವಿನ ಗುಳಿಗೆಯೂ ಇದರ ಮುಂದೆ ವಾಸಿ.

ಬಸ್‌ಸ್ಟ್ಯಾಂಡಿನ ಅಂಗಡಿಗೂ ಬೀಗ ಬಿದ್ದಿತ್ತು. ಆದೆಪ್ಪ ಕೋರ್ಟಿಗೆ ಹೋಗಿದ್ದಾನೆ ಎಂದರು ಪಕ್ಕದವರು.

ಲಿಂಗಸುಗೂರಿನ ಕೋರ್ಟಿನ ಅಂಗಳದಲ್ಲಿ ಹುಣಸೆಮರದ ನೆರಳಿಗೆ ಜನ ಒತ್ತಿಕೊಂಡು ಕೂತಿದ್ದರು. ಗಿರಿಯಮ್ಮ ಹಿಂದಿನ ಪಡಸಾಲೆಯ ಮೂಲೆಯಲ್ಲಿ ಹೆಣ್ಣು ಪೇದೆಯ ಪಕ್ಕ ಕಾಲು ಮಡಚಿ ಕೂತಿದ್ದಳು. ಮೂರು ತಿಂಗಳಲ್ಲಿ ಅರ್ಧವಾಗಿದ್ದಳು. ಹಣೆಯ ಮೇಲೆ ಕುಂಕುಮ ಇಲ್ಲದ ಜಾಗ ಬೆಳ್ಳಗೆ ಕಾಣುತ್ತಿತ್ತು.

ಸರ್ಕಾರಿ ವಕೀಲರು ಡಾಕ್ಟರ ಕಾಗದ ಓದಿ, ಪರವಾಗಿಲ್ಲ, ಇದರ ಮೇಲೆ ಜಾಮೀನಿಗೆ ನಾನು ಅಡ್ಡಬರುವುದಿಲ್ಲ ಎಂದಿದ್ದರು. ಕೆಲಸ ಮುಗಿದಿತ್ತು. ಕರಿಬಸಯ್ಯ ಅಲ್ಲಿಗೇ ನಿಲ್ಲಿಸಿದ್ದರೆ ಆ ಹೆಂಗಸು ಸಂಜೆಯ ಬಸ್ಸಿಗೆ ಮಸ್ಕಿಗೆ ಹೋಗುತ್ತಿದ್ದಳು. ನಿಲ್ಲಿಸಲಿಲ್ಲ. ಅವನಿಗೆ ಹೆಸರು ಬೇಕಿತ್ತು.

ಪೇದೆಗೆ ಚಹಾ ಕುಡಿದು ಬಾ ಎಂದು ಕಳಿಸಿ, ಮೆಟ್ಟಿಲ ಮೇಲೆ ಅವಳ ಎದುರಿಗೇ ಕೂತ. ವಿಷ ಇಲ್ಲ ಎಂದು ವರದಿ ಬಂದಿದೆ, ಇವತ್ತು ಬಿಡುಗಡೆ ಆಗುತ್ತದೆ ಎಂದ. ಅವಳು ಅಳಲಿಲ್ಲ, ನಗಲೂ ಇಲ್ಲ.

“ಹಂಗಾರ ಏನರ ಬ್ಯಾನಿ ಇತ್ತೇನ್ರಿ ಅಯ್ಯನೋರ ಅವನಿಗೆ? ನಾ ಹಾಕಿದ್ದು ಏನೂ ಇಲ್ಲ ಅಂತಾತಲ್ರಿ.”

“ಹಾಕಿದ್ದು ಏನೂ ಇಲ್ಲ ಬೇ ಯವ್ವ. ತಗದದ್ದು ಐತಿ.”

ಮೊದಲು ಹೆಸರು ಕೇಳಿ ಆಮೇಲೆ ಕಥೆ ಹೇಳಬೇಕು. ಠಾಣೆಗೆ ನಿನ್ನೆ ಸೇರಿದ ಪೇದೆಗೂ ಗೊತ್ತಿರುವ ಪಾಠ. ಕರಿಬಸಯ್ಯ ಉಲ್ಟಾ ಮಾಡಿದ. ಅವಳ ಮುಖ ನೋಡಿ ಅಯ್ಯೋ ಅನಿಸಿ, ಅವಳ ತಪ್ಪಿಲ್ಲವೆಂದು ಅವಳಿಗೆ ಮನದಟ್ಟಾಗಲಿ ಎಂದು, ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದ. ತಪ್ಪಲದ ಉಪ್ಪು, ನಾಲಗೆಯ ಬುಡದ ಜೀವಿಗಳು, ನುಂಗಿದ ಉಗುಳಿನಿಂದ ಏಳುವ ಗಾಳಿ, ಅದು ಹೊಟ್ಟೆಯ ಒಳಗೋಡೆಯನ್ನು ಕಾಯುವ ರೀತಿ, ನೋವಿನ ಗುಳಿಗೆ, ಗುಲಾಬಿ ಔಷಧ, ಪೀಕದಾನಿ. ತಾನೇ ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ಕಲಿಸುವ ಹುಮ್ಮಸ್ಸಿನಲ್ಲಿದ್ದ.

ಗಿರಿಯಮ್ಮ ಓದಿದವಳಲ್ಲ. ಆದರೆ ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ಪೀಕದಾನಿಯ ಮಾತು ಬಂದಾಗ ಅವಳ ಕೈ ತನ್ನಷ್ಟಕ್ಕೆ ಸೀರೆಗೆ ಒರೆಸಿಕೊಂಡಿತು.

“ನುಂಗೂದು ನೋಡಿದ್ರ ಬೈತಿದ್ದೆ ರೀ ಅಯ್ಯನೋರ. ಉಗುಳು, ಉಗುಳು ಅಂತಿದ್ದೆ. ಕೂಸಿನಂಗ ಉಗುಳತಿದ್ದ. ಇಪ್ಪತ್ತೆರಡು ವರ್ಷದಾಗ ನನ್ ಮಾತು ಕೇಳಿದ್ದಂದ್ರ ಅವು ಎರಡು ತಿಂಗಳು.”

ಪಟ್ಟಾದಿಂದ ಹೊಡೆದವನನ್ನು ಈಕೆ ಉಳಿಸಿಕೊಳ್ಳಲು ಒದ್ದಾಡಿದ್ದಳು. ಬಾಯಾರೆ ಬೇಡಿ, ಗದರಿಸಿ, ಹೊತ್ತು ಹೊತ್ತಿಗೆ ಬಾಯಿ ಮುಕ್ಕಳಿಸಿ, ಇಷ್ಟವಾದ ಹಕ್ಕರಕಿಯನ್ನು ಆಡಿಗೆ ಹಾಕಿ, ತನ್ನ ಕೈಯಿಂದಲೇ ಅವನ ಹೊಟ್ಟೆಯ ಕಾವಲು ಕಿತ್ತಿದ್ದಳು. ಜೀವನದಲ್ಲಿ ಒಮ್ಮೆ ಗಂಡ ಮಾತು ಕೇಳಿದ, ಕೇಳಿದ್ದಕ್ಕೇ ಸತ್ತ. ಇದನ್ನು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಕರಿಬಸಯ್ಯನಿಗೆ ಅನಿಸಿತು, ಆದರೆ ಹೊತ್ತು ಮೀರಿತ್ತು.

ಮೆಲ್ಲಗೆ ಕೇಳಿದ.

“ಈ ಪಥ್ಯ ಯಾರ್ ಹೇಳಿದ್ರು ಯವ್ವ?”

“ಮತ್ಯಾರ್ರೀ, ನಮ್ಮ…”

ಅಲ್ಲಿಗೆ ನಿಂತಳು. ಬಾಯಿ ಹಾಗೇ ತೆರೆದಿತ್ತು. ಕಣ್ಣು ಅವನ ಭುಜದ ಮೇಲಿಂದ ಅಂಗಳದ ಕಡೆ ಹೋಯಿತು. ಕರಿಬಸಯ್ಯ ತಿರುಗಿ ನೋಡಿದ. ಹುಣಸೆಮರದ ಬುಡದಲ್ಲಿ, ಒಬ್ಬರ ಕಡೆ ಒಬ್ಬರು ನೋಡದೆ, ಆದೆಪ್ಪ ಮತ್ತು ಮುದುಕಮ್ಮ ನಿಂತಿದ್ದರು. ಇವನ ಕೈಯಲ್ಲಿ ವಕೀಲರ ಚೀಟಿ, ಅವಳ ಕೈಯಲ್ಲಿ ಬುತ್ತಿಯ ಗಂಟು. ನಡುವೆ ನಾಲ್ಕು ಮಾರಿನ ಜಾಗ. ಗಿರಿಯಮ್ಮನ ಕಣ್ಣು ಇಬ್ಬರಲ್ಲಿ ಯಾರ ಮೇಲಿದೆಯೋ ಹೇಳಲು ಬರುವಂತಿರಲಿಲ್ಲ.

“ಹೇಳಿದವರಿಗೆ ಇದೆಲ್ಲ ಗೊತ್ತಿತ್ತೇನ್ರಿ?”

ಸುಳ್ಳು ಹೇಳಬೇಕಿತ್ತು. ಗೊತ್ತಿರಲಿಕ್ಕಿಲ್ಲ, ಯಾರೋ ಹೇಳಿದ್ದು ಕೇಳಿ ಹೇಳಿರಬೇಕು ಎಂದು ಒಂದು ಮಾತು ಅಂದಿದ್ದರೆ ಅವಳು ಹೆಸರು ಹೇಳಿಬಿಡುತ್ತಿದ್ದಳು. ಎಷ್ಟೋ ಕಳ್ಳರ ಹತ್ತಿರ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ ಕರಿಬಸಯ್ಯನಿಗೆ ಆ ಗಳಿಗೆಯಲ್ಲಿ ಸತ್ಯವಂತನಾಗುವ ಬುದ್ಧಿ ಬಂತು.

“ಗೊತ್ತಿಲ್ಲದವ್ರು ಉಗುಳು ನುಂಗಬ್ಯಾಡ ಅಂತ ಹೇಳಂಗಿಲ್ಲ ಬೇ ಯವ್ವ.”

ಗಿರಿಯಮ್ಮ ತಲೆ ಆಡಿಸಿದಳು. ಸೆರಗು ಹೊದ್ದುಕೊಂಡಳು. ಆಮೇಲೆ ಅವಳ ದನಿ ಬದಲಾಯಿತು. ಬಾವಿಗೆ ಬಿದ್ದ ಕೊಡವನ್ನು ಮರೆತು ಬರಿಗೈಯಲ್ಲಿ ಮನೆಗೆ ಹೊರಟವಳ ಹಾಗೆ ಸಮಾಧಾನದಲ್ಲಿ ಮಾತಾಡಿದಳು. ಪಥ್ಯ ಯಾರೂ ಹೇಳಿಲ್ಲ, ತಾನೇ ಮಾಡಿದ್ದು ಎಂದಳು. ಆದೆಪ್ಪ ಹೇಳಿದನೇ ಎಂದು ಕೇಳಿದ. ಮಗನ ಹೆಸರು ತೆಗೆಯಬೇಡ್ರಿ ಎಂದಳು. ಮುದುಕಮ್ಮ ಹೇಳಿದಳೇ ಎಂದು ಕೇಳಿದ. ಮಗಳ ಹೆಸರೂ ತೆಗೆಯಬೇಡ್ರಿ ಎಂದಳು, ಅದೇ ದನಿಯಲ್ಲಿ.

ಅವನಿಗೆ ಹೆದರಿಕೆಯಾಯಿತು. ನಿನಗೆ ಈಗ ಬಿಡುಗಡೆ ಇದೆ, ಜಡ್ಜರ ಮುಂದೆ ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಬೇಡಿಕೊಂಡ. ಪೊಲೀಸನೊಬ್ಬ ಆರೋಪಿಯ ಮುಂದೆ ಕೈಮುಗಿದದ್ದನ್ನು ಚಹಾ ಕುಡಿದು ಬಂದ ಹೆಣ್ಣು ಪೇದೆ ಕಣ್ಣಾರೆ ಕಂಡಳು.

“ಉಳಿದದ್ದು ನೀವು ನೋಡ್ಕೋತೀರಿ ಅಂತನ ರೀ ನನಗ ಅಂಜಿಕಿ,” ಎಂದಳು ಗಿರಿಯಮ್ಮ.

ಒಳಗಿನಿಂದ ಜವಾನ ಅವಳ ಹೆಸರು ಕೂಗಿದ.

ಕೋರ್ಟಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಅವಳ ವಕೀಲ ಜಾಮೀನಿನ ಅರ್ಜಿ ಓದಿದ. ಸರ್ಕಾರಿ ವಕೀಲರು ಎದ್ದು, ವಿಷ ಸಿಕ್ಕಿಲ್ಲವೆಂದೂ ನೋವಿನ ಗುಳಿಗೆಯಿಂದ ಜಠರದ ರಕ್ತನಾಳ ಒಡೆದು ಸತ್ತಿರಬಹುದೆಂದು ವೈದ್ಯರ ಅಭಿಪ್ರಾಯವಿದೆಯೆಂದೂ ಹೇಳಿ, ತಮ್ಮ ತಕರಾರಿಲ್ಲ ಎಂದರು. ಜಡ್ಜು ಪೆನ್ನು ಎತ್ತಿಕೊಂಡರು. ಬಾಗಿಲ ಹತ್ತಿರ ಮುದುಕಮ್ಮ ಮತ್ತು ಆದೆಪ್ಪ ಬಂದು ನಿಂತಿದ್ದರು.

“ಸಾಹೇಬ್ರ, ನನ್ದೊಂದು ಮಾತು ಐತ್ರಿ.”

ಅವಳ ವಕೀಲ ಸೆರಗು ಹಿಡಿದೆಳೆದಂತೆ ಕೈ ಬೀಸಿದ. ಗಿರಿಯಮ್ಮ ಅವನ ಕಡೆ ನೋಡಲಿಲ್ಲ.

“ವಿಷ ನಾನ ಹಾಕೀನ್ರಿ. ರೊಟ್ಟಿ ಹಿಟ್ಟಿನ್ಯಾಗ ಕಲಿಸಿ ಹಾಕೀನಿ. ನನಗ ಯಾರೂ ಹೇಳಿಕೊಟ್ಟಿಲ್ಲ, ಯಾರೂ ಕಲಿಸಿಲ್ಲ. ಬರಕೋರಿ.”

ಯಾರು ಹೇಳಿಕೊಟ್ಟರು ಎಂದು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಏನು ಹೇಳುತ್ತಿದ್ದೀಯ ಎಂದು ಗೊತ್ತಿದೆಯೇ, ಇದಕ್ಕೆ ಶಿಕ್ಷೆ ಏನು ಗೊತ್ತಿದೆಯೇ ಎಂದು ಜಡ್ಜು ಕೇಳಿದರು. ಗೊತ್ತೈತ್ರಿ ಎಂದಳು. ಕರಿಬಸಯ್ಯನ ಜೇಬಿನಲ್ಲಿದ್ದ ಗುಳಿಗೆಗಳು ಅವನ ಮುಷ್ಟಿಯಲ್ಲಿ ಪುಡಿಯಾದವು.

ಆಗ ಬಾಗಿಲಿಂದ ಒಂದು ದನಿ ಬಂತು.

“ಯವ್ವ, ಸುಳ್ಳು ಹೇಳಬ್ಯಾಡ. ಸಾಹೇಬ್ರ, ಆಕಿ ಹಾಕಿಲ್ರಿ. ಆಕಿ ಏನೂ ಹಾಕಿಲ್ಲ, ನನಗ ಗೊತ್ತೈತಿ.”

ಹೇಳಿದವನು ಆದೆಪ್ಪ. ಈಕೆಯೇ ವಿಷ ಹಾಕಿದಳೆಂದು ಫಿರ್ಯಾದಿಗೆ ಸಹಿ ಮಾಡಿದ, ಮೂರು ತಿಂಗಳು ಅವಳ ಮುಖ ನೋಡದ ಆದೆಪ್ಪ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಹಾಕಿಲ್ಲವೆಂದು ಇವನಿಗೆ ಹೇಗೆ ಗೊತ್ತು, ಯಾವತ್ತಿನಿಂದ ಗೊತ್ತು ಎಂದು ಕ್ಷಣ ಹೊತ್ತು ಕರಿಬಸಯ್ಯನ ರಕ್ತ ಕುದಿಯಿತು. ಅವನ ಕೈ ಆಗಲೇ ಆದೆಪ್ಪನ ತೋಳಿಗೆ ಹೋಗಿತ್ತು.

ಆಮೇಲೆ ಅವನ ಕಣ್ಣು ಪಕ್ಕಕ್ಕೆ ಹೊರಳಿತು. ನಮ್ಮವ್ವ ಇರುವಿಗೂ ಕಾಟ ಕೊಟ್ಟವಳಲ್ಲ ಎಂದು ಠಾಣೆಯ ಮೆಟ್ಟಿಲು ಸವೆಸಿದ, ಹೊಟ್ಟೆಯ ವಿದ್ಯೆ ಬಲ್ಲ ಆ ಡಾಕ್ಟರ ಕೈಕೆಳಗೇ ದುಡಿಯುವ ಮುದುಕಮ್ಮ, ತಾಯಿ ಕೊಲೆ ಒಪ್ಪಿಕೊಂಡದ್ದನ್ನು ಕೇಳಿಯೂ, ಬುತ್ತಿಯ ಗಂಟು ಎದೆಗೆ ಹಿಡಿದು ಸುಮ್ಮನೆ ನಿಂತಿದ್ದಳು.